ಬೌಲಿಂಗ್ ಪ್ರಾಕ್ಟೀಸ್‌ಗೆ ಎಷ್ಟು ಖರ್ಚಾಗುತ್ತೆ? ಗೇಮ್ ಲೆಕ್ಕ ಬಿಟ್ಟು ಎಸೆತದ ಲೆಕ್ಕ ಹಾಕುವ ವಿಧಾನ

ಒಂದು ದಿನ ನನ್ನ ಹತ್ತಿರ ಇದ್ದ ಎರಡು ಬಿಲ್‌ಗಳನ್ನು ಊಟದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆ. ಕ್ರಿಕೆಟ್ ಬೌಲಿಂಗ್ ಅಲ್ಲ, ಬಾಲ್ ಉರುಳಿಸಿ ಹತ್ತು ಪಿನ್ ಬೀಳಿಸುವ ಟೆನ್‌ಪಿನ್ ಬೌಲಿಂಗ್‌ನ ಬಿಲ್‌ಗಳು. ಎರಡೂ ಬೆಂಗಳೂರಿನದ್ದೇ, ಎರಡೂ ನಾನು ಒಬ್ಬನೇ ಹೋಗಿ ಆಡಿದ್ದು. ಮೊದಲನೆಯದು ಶನಿವಾರ ಸಂಜೆಯದು. ಒಂದು ಗೇಮ್‌ಗೆ 400 ರೂಪಾಯಿ, ಎರಡು ಗೇಮ್‌ಗೆ 800, ಅದರ ಮೇಲೆ ಜಿಎಸ್‌ಟಿ 144, ಸಾಕ್ಸ್ ಮರೆತು ಹೋಗಿದ್ದಕ್ಕೆ 50, ಮಾಲ್ ಪಾರ್ಕಿಂಗ್ 60. ಒಟ್ಟು 1,054. ಎರಡನೆಯದು ಮಂಗಳವಾರ ಬೆಳಿಗ್ಗೆಯದು. ತೆರಿಗೆ ಸೇರಿ ಒಂದು ಗೇಮ್‌ಗೆ 220, ಮೂರು ಗೇಮ್‌ಗೆ 660, ಮೆಟ್ರೋಗೆ 40. ಒಟ್ಟು 700.

ಶನಿವಾರ ನಾನು ಬಾಲ್ ಬಿಟ್ಟಿದ್ದು 36 ಸಲ. ಮಂಗಳವಾರ 57 ಸಲ. ಅಂದರೆ ಶನಿವಾರ ಒಂದೊಂದು ಎಸೆತಕ್ಕೂ 29 ರೂಪಾಯಿ ಕೊಟ್ಟಿದ್ದೇನೆ, ಮಂಗಳವಾರ 12. ಆಟ ಅದೇ, ಕೈ ಅದೇ, ಬಾಲ್ ತೂಕ ಕೂಡ ಅದೇ.

ಆವತ್ತಿನಿಂದ ನಾನು ಗೇಮ್ ರೇಟ್ ಎಷ್ಟು ಅಂತ ಕೇಳೋದನ್ನು ಅಷ್ಟಕ್ಕೇ ಬಿಡುವುದಿಲ್ಲ, ಒಂದು ಎಸೆತಕ್ಕೆ ಎಷ್ಟು ಬೀಳುತ್ತೆ ಅಂತ ನೋಡುತ್ತೇನೆ. ಬರ್ತ್‌ಡೇ ಪಾರ್ಟಿಗೆ, ಆಫೀಸ್ ಟೀಮ್ ಜೊತೆ ಹೋಗುವವರಿಗೆ ಈ ಲೆಕ್ಕ ಬೇಕಾಗಿಲ್ಲ. ಆದರೆ ನಾಲ್ಕೈದು ಸಲ ಆಡಿ ರುಚಿ ಹತ್ತಿ, ಸುಮ್ನೆ ಆಡೋದು ಸಾಕು, ಇನ್ನು ಸ್ವಲ್ಪ ಚೆನ್ನಾಗಿ ಆಡಬೇಕು ಅಂತ ಅನ್ನಿಸಿ, ಆದರೆ ಪ್ರತಿ ಸಲ ಬಿಲ್ ನೋಡಿ ಎದೆ ಧಸಕ್ ಅನ್ನುವವರು ಇದ್ದೀರಲ್ಲ, ಇದು ನಿಮಗಾಗಿ ಬರೆದಿದ್ದು.

ಹಂತ 1: ಒಂದು ಗೇಮ್‌ನಲ್ಲಿ ನಿಮಗೆ ಸಿಗೋದೇನು ಅಂತ ತಿಳಿದುಕೊಳ್ಳಿ

ಒಂದು ಗೇಮ್ ಅಂದರೆ 10 ಫ್ರೇಮ್. ಪ್ರತಿ ಫ್ರೇಮ್‌ನಲ್ಲಿ 10 ಪಿನ್ ಬೀಳಿಸಲು ಎರಡು ಅವಕಾಶ. ಮೊದಲ ಎಸೆತದಲ್ಲೇ ಹತ್ತೂ ಬಿದ್ದರೆ ಸ್ಟ್ರೈಕ್, ಆ ಫ್ರೇಮ್ ಅಲ್ಲಿಗೇ ಮುಗಿಯಿತು. ಎರಡನೆಯದರಲ್ಲಿ ಉಳಿದಿದ್ದೆಲ್ಲ ಬಿದ್ದರೆ ಸ್ಪೇರ್. ಹತ್ತನೇ ಫ್ರೇಮ್‌ನಲ್ಲಿ ಮಾತ್ರ ಸ್ಟ್ರೈಕ್ ಅಥವಾ ಸ್ಪೇರ್ ಬಂದರೆ ಒಟ್ಟು ಮೂರು ಎಸೆತ ಸಿಗುತ್ತದೆ.

ಈಗ ದುಡ್ಡಿನ ದೃಷ್ಟಿಯಿಂದ ನೋಡಿ. ಒಂದು ಗೇಮ್‌ನಲ್ಲಿ ಅತಿ ಜಾಸ್ತಿ ಅಂದರೆ 21 ಎಸೆತ, ಅತಿ ಕಮ್ಮಿ ಅಂದರೆ 11. ಎಲ್ಲ ಎಸೆತದಲ್ಲೂ ಸ್ಟ್ರೈಕ್ ಹೊಡೆದು ಗರಿಷ್ಠ ಸ್ಕೋರ್ 300 ಮಾಡಿದವರು ಬಾಲ್ ಬಿಡೋದು 12 ಸಲ ಮಾತ್ರ. ಹೊಸಬರಿಗೆ ಸ್ಟ್ರೈಕ್ ಅಪರೂಪ, ಹಾಗಾಗಿ ಸಾಮಾನ್ಯವಾಗಿ 18, 19, 20 ಎಸೆತ ಸಿಗುತ್ತದೆ. ಅಂದರೆ ಗೇಮ್ ಲೆಕ್ಕದಲ್ಲಿ ದುಡ್ಡು ಕೊಡುವ ಕಡೆ ನೀವು ಚೆನ್ನಾಗಿ ಆಡಿದಷ್ಟೂ ಕೈಗೆ ಸಿಗುವ ಎಸೆತ ಕಮ್ಮಿಯಾಗುತ್ತಾ ಹೋಗುತ್ತದೆ. ಕಲಿಯುವವರಿಗೆ ಒಂದು ಗೇಮ್‌ನಲ್ಲಿ ಸಿಗುವಷ್ಟು ಅಭ್ಯಾಸ ಪಳಗಿದವರಿಗೆ ಸಿಗುವುದಿಲ್ಲ. ಈ ಅನುಕೂಲ ಇರುವಾಗಲೇ ಅದನ್ನು ಬಳಸಿಕೊಳ್ಳಬೇಕು, ಅಲ್ವಾ? ಅದು ಹೇಗೆ ಅಂತ ಹಂತ 6ರಲ್ಲಿ ಹೇಳುತ್ತೇನೆ.

ನಿಮ್ಮ ಲೆಕ್ಕ ಹಾಕುವ ಸೂತ್ರ ಇಷ್ಟೇ: ಮನೆಯಿಂದ ಹೊರಟು ಮನೆಗೆ ಬರುವವರೆಗೆ ಆದ ಒಟ್ಟು ಖರ್ಚನ್ನು ಒಟ್ಟು ಎಸೆತದಿಂದ ಭಾಗಿಸಿ. ಸ್ಕೋರ್ ಸ್ಕ್ರೀನಿನ ಫೋಟೋ ಒಂದು ತೆಗೆದಿಟ್ಟುಕೊಂಡರೆ ಎಸೆತ ಎಣಿಸೋದು ಕಷ್ಟವಿಲ್ಲ.

ಹಂತ 2: ಅಲ್ಲಿ ದುಡ್ಡು ತೆಗೆದುಕೊಳ್ಳುವುದು ಯಾವ ಲೆಕ್ಕದಲ್ಲಿ ಅಂತ ನೋಡಿ

ಮೂರು ರೀತಿ ಇದೆ. ಮೊದಲನೆಯದು ತಲೆಗೆ ಇಷ್ಟು, ಗೇಮ್‌ಗೆ ಇಷ್ಟು ಅಂತ. ನಮ್ಮ ಕಡೆ ಹೆಚ್ಚಾಗಿ ಕಾಣೋದು ಇದೇ. ಎರಡನೆಯದು ಲೇನ್ (ಬಾಲ್ ಉರುಳಿಸುವ ಉದ್ದನೆಯ ಹಾದಿ) ಬಾಡಿಗೆ, ಗಂಟೆಗೆ ಅಥವಾ ಅರ್ಧ ಗಂಟೆಗೆ. ಎಷ್ಟು ಜನ ಆಡಿದರೂ ಅದೇ ದುಡ್ಡು, ಆದರೆ ಒಂದು ಲೇನ್‌ಗೆ ಇಷ್ಟೇ ಜನ ಅಂತ ಮಿತಿ ಇರುತ್ತದೆ. ಮೂರನೆಯದು ಮಾಲ್‌ಗಳ ಗೇಮ್ ಝೋನ್ ಪದ್ಧತಿ. ಮೊದಲು ಕಾರ್ಡ್ ತಗೊಂಡು ರೀಚಾರ್ಜ್ ಮಾಡಿಸಬೇಕು, ಆಮೇಲೆ ಅದರಿಂದ ಕಡಿತ.

ಗಂಟೆ ಲೆಕ್ಕ ಒಳ್ಳೆಯದೋ ಗೇಮ್ ಲೆಕ್ಕ ಒಳ್ಳೆಯದೋ ಅಂತ ಸುಮಾರು ಜನ ಕೇಳುತ್ತಾರೆ. ಗಂಟೆಯ ದರವನ್ನು ಗೇಮಿನ ದರದಿಂದ ಭಾಗಿಸಿ ನೋಡಿ. ಗಂಟೆಗೆ 1,200, ಗೇಮ್‌ಗೆ 250 ಅಂತ ಇಟ್ಟುಕೊಳ್ಳೋಣ. 1,200 ಭಾಗ 250 ಅಂದರೆ 4.8. ಅಂದರೆ ಒಂದು ಗಂಟೆಯಲ್ಲಿ ಆ ಲೇನ್ ಮೇಲೆ ಎಲ್ಲರದ್ದೂ ಸೇರಿ ಐದು ಗೇಮ್ ಮುಗಿದರೆ ಗಂಟೆ ಲೆಕ್ಕ ಗಿಟ್ಟುತ್ತದೆ, ಇಲ್ಲದಿದ್ದರೆ ಇಲ್ಲ.

ಒಬ್ಬರೇ ಆಡಿದರೆ ಒಂದು ಗೇಮ್‌ಗೆ 10ರಿಂದ 12 ನಿಮಿಷ ಬೇಕು. ಅಂದರೆ ಐದು ಗೇಮ್ ಆಗುತ್ತೆ, ಆದರೆ ಉಸಿರು ಬಿಡದೆ ಆಡಬೇಕು. ಇಬ್ಬರು ಪ್ರಾಕ್ಟೀಸ್‌ಗೆ ಅಂತಲೇ ಬಂದಿದ್ದರೆ ಗಂಟೆ ಲೆಕ್ಕ ತುಂಬಾ ಚೆನ್ನ, ಒಬ್ಬರ ಬಾಲ್ ವಾಪಸ್ ಬರುವಷ್ಟರಲ್ಲಿ ಇನ್ನೊಬ್ಬರು ತಯಾರಾಗಿರುತ್ತಾರೆ, ಸಮಯ ಹಾಳಾಗುವುದಿಲ್ಲ, ದುಡ್ಡೂ ಅರ್ಧರ್ಧ. ನಾಲ್ಕು ಜನ ಮಾತಾಡಿಕೊಂಡು, ಫೋಟೋ ಹೊಡೆದುಕೊಂಡು, ಫ್ರೈಸ್ ತಿನ್ನುತ್ತಾ ಆಡಿದರೆ ಒಂದೊಂದು ಗೇಮ್ ಆಗುವಷ್ಟರಲ್ಲಿ ಗಂಟೆ ಹತ್ತಿರ ಬಂದಿರುತ್ತದೆ, ಅವರಿಗೆ ಗೇಮ್ ಲೆಕ್ಕವೇ ಸರಿ.

ನನ್ನ ಅಭಿಪ್ರಾಯ ಕೇಳಿದರೆ, ಒಬ್ಬರೇ ಕಲಿಯುವಾಗ ದರ ಹೆಚ್ಚು ಕಮ್ಮಿ ಒಂದೇ ಇದ್ದರೆ ಗೇಮ್ ಲೆಕ್ಕಕ್ಕೇ ಹೋಗಿ. ಗಡಿಯಾರ ಓಡುತ್ತಿದ್ದರೆ ಕಾಲೂ ಓಡುತ್ತದೆ. ಒಂದು ಎಸೆತ ತಪ್ಪಾದ ಮೇಲೆ ಅರ್ಧ ನಿಮಿಷ ನಿಂತು, ಬಾಲ್ ಎಲ್ಲಿ ಹೋಯಿತು, ಕೈ ಎಲ್ಲಿ ತಿರುಗಿತು ಅಂತ ಯೋಚನೆ ಮಾಡಲು ಬಿಡುವು ಬೇಕು. ಕಲಿಕೆ ಆಗೋದೇ ಆ ಅರ್ಧ ನಿಮಿಷದಲ್ಲಿ.

ಗಂಟೆ ಲೆಕ್ಕ ತಗೊಂಡರೆ ಎರಡು ಪ್ರಶ್ನೆ ಮೊದಲೇ ಕೇಳಿಬಿಡಿ. ಸಮಯ ಶುರುವಾಗೋದು ಶೂ ಕೊಟ್ಟಾಗಲಾ, ಲೇನ್ ಆನ್ ಮಾಡಿದಾಗಲಾ? ಮಷೀನ್ ಸಿಕ್ಕಿಕೊಂಡರೆ ಆ ಸಮಯ ವಾಪಸ್ ಕೊಡ್ತೀರಾ? ಒಂದು ಕಡೆ ನನಗೆ ಹೀಗೆ ಆಗಿತ್ತು. ಪಿನ್ ಎತ್ತಿ ನಿಲ್ಲಿಸುವ ಮಷೀನ್ ಎರಡು ಸಲ ನಿಂತುಹೋಯಿತು, ಹುಡುಗ ಹಿಂದೆ ಹೋಗಿ ಸರಿ ಮಾಡಿ ಬರುವಷ್ಟರಲ್ಲಿ ಹನ್ನೆರಡು ನಿಮಿಷ ಹೋಗಿತ್ತು, ಮೊದಲೇ ಕೇಳಿಲ್ಲದ ಕಾರಣ ಆ ಹನ್ನೆರಡು ನಿಮಿಷದ ದುಡ್ಡು ನನ್ನ ತಲೆ ಮೇಲೇ ಬಿತ್ತು. ಗೇಮ್ ಲೆಕ್ಕದಲ್ಲಿ ಈ ಕಾಟ ಇಲ್ಲ.

ಹಂತ 3: ಬೋರ್ಡ್ ಮೇಲಿಲ್ಲದ ಖರ್ಚನ್ನು ಸೇರಿಸಿ

ಬೋರ್ಡ್ ಮೇಲೆ 250 ಅಂತ ಬರೆದಿರುತ್ತಾರೆ. ಶೇಕಡಾ 18 ಜಿಎಸ್‌ಟಿ ಅದರ ಹೊರಗಿದ್ದರೆ ಅದು 295. ಮೂರು ಗೇಮ್‌ಗೆ 135 ರೂಪಾಯಿ ವ್ಯತ್ಯಾಸ, ಅಂದರೆ ಹೆಚ್ಚು ಕಮ್ಮಿ ಇನ್ನೊಂದು ಅರ್ಧ ಗೇಮ್. ಹಾಗಾಗಿ ತೆರಿಗೆ ಸೇರಿ ಎಷ್ಟು ಅಂತಲೇ ಕೇಳಬೇಕು.

ಶೂ ಬಾಡಿಗೆ ಕೆಲವು ಕಡೆ ಗೇಮ್ ದರದಲ್ಲೇ ಸೇರಿರುತ್ತದೆ, ಕೆಲವು ಕಡೆ ಬೇರೆ. ಸಾಕ್ಸ್ ಮಾತ್ರ ನಿಮ್ಮದೇ ಇರಬೇಕು, ಇಲ್ಲದಿದ್ದರೆ ಕೌಂಟರ್‌ನಲ್ಲಿ ಕೊಳ್ಳಬೇಕು. ಒಂದು ಜೊತೆ ದಪ್ಪ ಕಾಟನ್ ಸಾಕ್ಸ್ ಬ್ಯಾಗಿನಲ್ಲಿ ಖಾಯಂ ಇಟ್ಟುಬಿಡಿ.

ಕಾರ್ಡ್ ಪದ್ಧತಿ ಇರುವ ಕಡೆ ಸ್ವಲ್ಪ ಎಚ್ಚರ ಬೇಕು. ಕಾರ್ಡಿಗೇ ಒಂದಷ್ಟು ದುಡ್ಡು, ಕನಿಷ್ಠ ಇಷ್ಟು ರೀಚಾರ್ಜ್ ಮಾಡಿಸಲೇಬೇಕು ಅಂತ ನಿಯಮ, ಕೊನೆಗೆ 70 ರೂಪಾಯಿಯೋ 90 ರೂಪಾಯಿಯೋ ಉಳಿಯುತ್ತದೆ, ಅದರಲ್ಲಿ ಗೇಮ್ ಬರುವುದಿಲ್ಲ, ವಾಪಸ್ಸೂ ಕೊಡುವುದಿಲ್ಲ. ಆ ಉಳಿದಿದ್ದಕ್ಕೆ ಇನ್ನಷ್ಟು ಸೇರಿಸಿ ಏನಾದರೂ ಆಡೋಣ ಅಂತ ಮನಸ್ಸಾಗುತ್ತದೆ. ರೀಚಾರ್ಜ್ ಮಾಡಿಸುವ ಮುಂಚೆಯೇ ಮೂರು ಗೇಮ್‌ಗೆ ಸರಿಯಾಗಿ ಎಷ್ಟು ಬೇಕು ಅಂತ ಕೌಂಟರಿನವರನ್ನೇ ಕೇಳಿ ಅಷ್ಟೇ ಹಾಕಿಸಿ.

ಪಾರ್ಕಿಂಗ್, ತಿಂಡಿ, ಕಾಫಿ ಇವೂ ಪ್ರಾಕ್ಟೀಸ್ ಖರ್ಚೇ. ಮನೆಯಲ್ಲಿ ತಿಂಡಿ ತಿಂದು ಹೋಗಿ. ಎಂ.ಜಿ. ರೋಡ್, ಚರ್ಚ್ ಸ್ಟ್ರೀಟ್ ಕಡೆ ಹೋಗುವವರು ಗಾಡಿ ಬಿಟ್ಟು ಮೆಟ್ರೋದಲ್ಲಿ ಹೋಗೋದು ವಾಸಿ, ಸ್ಟೇಷನ್‌ನಿಂದ ನಡೆದೇ ಹೋಗಬಹುದು.

ಹಂತ 4: ಸರಿಯಾದ ಲೇನ್, ಸರಿಯಾದ ಹೊತ್ತು ಆರಿಸಿ

ಮೊದಲು ಲೇನ್ ಬಗ್ಗೆ. ಕೆಲವು ಗೇಮ್ ಝೋನ್‌ಗಳಲ್ಲಿ ಚಿಕ್ಕ ಲೇನ್, ಬೆರಳು ಹಾಕುವ ತೂತಿಲ್ಲದ ಚಿಕ್ಕ ಬಾಲ್ ಇರುತ್ತದೆ. ಅದು ಮಕ್ಕಳಿಗೆ ಚೆನ್ನ, ದುಡ್ಡೂ ಕಮ್ಮಿ. ಆದರೆ ಪ್ರಾಕ್ಟೀಸ್‌ಗೆ ಅಂತ ಅಲ್ಲಿ ಕೊಟ್ಟ ದುಡ್ಡು ಪೂರ್ತಿ ವ್ಯರ್ಥ. ಟೆನ್‌ಪಿನ್ ಲೇನ್ ಅಂದರೆ ಫೌಲ್ ಲೈನ್‌ನಿಂದ (ಬಾಲ್ ಬಿಡುವಾಗ ದಾಟಬಾರದ ಗೆರೆ) ಮೊದಲ ಪಿನ್‌ಗೆ 60 ಅಡಿ, ಅಗಲ ಸುಮಾರು 41.5 ಇಂಚು. ಆ ದೂರಕ್ಕೆ ಕೈ ಹೊಂದಿಕೊಳ್ಳಬೇಕು. ಇನ್ನು ಕೆಲವು ಕಡೆ ಪಿನ್‌ಗಳ ತಲೆಗೆ ದಾರ ಕಟ್ಟಿರುತ್ತಾರೆ, ಮಷೀನ್ ಅದನ್ನು ಮೇಲಕ್ಕೆಳೆದು ಮತ್ತೆ ನಿಲ್ಲಿಸುತ್ತದೆ. ದಾರದ ಪಿನ್ ಬೀಳುವ ರೀತಿಯೇ ಸ್ವಲ್ಪ ಬೇರೆ. ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿ 2023ರಲ್ಲಿ ಅದಕ್ಕೂ ಮಾನ್ಯತೆ ಕೊಟ್ಟಿತು, ಆದರೆ ಪ್ರತ್ಯೇಕ ವಿಭಾಗವಾಗಿ. ಗುರಿ ಕಲಿಯಲು ದಾರದ ಪಿನ್ ಆದರೂ ನಡೆಯುತ್ತದೆ, ದರ ಕಮ್ಮಿ ಇದ್ದರೆ ಬೇಡ ಅನ್ನಬೇಡಿ.

ಹೊತ್ತು ಅಂದರೆ ವಾರದ ದಿನ, ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ಮಧ್ಯಾಹ್ನದವರೆಗೆ. ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿವರೆಗೆ ದರ ಜಾಸ್ತಿ, ಹಬ್ಬದ ರಜೆಯಲ್ಲೂ ಅಷ್ಟೇ. ದರ ಒಂದೇ ಇದ್ದರೂ ನಾನು ವಾರಾಂತ್ಯ ಬೇಡ ಅಂತಲೇ ಹೇಳುತ್ತೇನೆ, ಯಾಕಂದರೆ ಅಕ್ಕಪಕ್ಕದ ಲೇನ್‌ನಲ್ಲಿ ಗಲಾಟೆ, ಜೋರು ಹಾಡು, ಮಿನುಗುವ ಲೈಟು, ಬಾಲ್ ವಾಪಸ್ ಬರುವ ಜಾಗದಲ್ಲಿ ಪಕ್ಕದವರು ನಿಮ್ಮ ಬಾಲನ್ನೇ ಎತ್ತಿಕೊಂಡು ಹೋಗಿರುತ್ತಾರೆ, ಈ ನಡುವೆ ಎಸೆತದ ಬಗ್ಗೆ ಯೋಚನೆ ಮಾಡುವುದು ಯಾರಿಗೂ ಆಗುವುದಿಲ್ಲ. ಕೆಲಸಕ್ಕೆ ಹೋಗುವವರಿಗೆ ವಾರದ ಬೆಳಿಗ್ಗೆ ಕಷ್ಟ, ನನಗೆ ಗೊತ್ತು. ಅಂಥವರು ಭಾನುವಾರ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತುಕೊಳ್ಳಿ. ದರ ಇಳಿಯದಿದ್ದರೂ ಲೇನ್ ಖಾಲಿ ಇರುತ್ತದೆ.

ಹೋಗುವ ಮುಂಚೆ ಒಂದು ಫೋನ್ ಮಾಡಿ. ಯಾವುದಾದರೂ ಕಂಪನಿಯವರು ಇಡೀ ಜಾಗ ಬುಕ್ ಮಾಡಿರಬಹುದು, ಟೂರ್ನಿ ನಡೆಯುತ್ತಿರಬಹುದು. ಚರ್ಚ್ ಸ್ಟ್ರೀಟ್‌ನ ಅಮೀಬಾ ಬೌಲಿಂಗ್ ಸೆಂಟರ್‌ನಂಥ ಕಡೆ ಟೆನ್‌ಪಿನ್ ಟೂರ್ನಿಗಳು ನಡೆದಿವೆ. ಟೂರ್ನಿ ಇದ್ದರೆ ಬೇಜಾರು ಮಾಡಿಕೊಂಡು ವಾಪಸ್ ಬರಬೇಡಿ, ಹಿಂದೆ ಕೂತು ಒಂದು ಗಂಟೆ ನೋಡಿ. ಅವರ ಕಾಲು ನೋಡಿ, ಬಾಲ್ ನೋಡಬೇಡಿ. ದುಡ್ಡಿಲ್ಲದೆ ಸಿಗುವ ಪಾಠ ಅದು.

ಹಂತ 5: ಕೌಂಟರ್‌ನಲ್ಲಿ ಬಾಯಿಬಿಟ್ಟು ಕೇಳಿ

ನಮ್ಮಲ್ಲಿ ಸುಮಾರು ಜನ ಬೋರ್ಡ್ ನೋಡಿ ದುಡ್ಡು ಕೊಟ್ಟು ಸುಮ್ಮನಾಗುತ್ತಾರೆ. ಕೇಳಿದರೆ ಏನು ಅಂದುಕೊಳ್ಳುತ್ತಾರೋ ಅನ್ನುವ ಸಂಕೋಚ. ಆದರೆ ಖಾಲಿ ಲೇನ್‌ನಿಂದ ಅವರಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಎಸಿ ಓಡುತ್ತಲೇ ಇರುತ್ತದೆ, ಮಾಲ್ ಬಾಡಿಗೆ ಕಟ್ಟಲೇಬೇಕು, ಹುಡುಗರ ಸಂಬಳ ಕೊಡಲೇಬೇಕು. ಮಂಗಳವಾರ ಬೆಳಿಗ್ಗೆ ಖಾಯಂ ಬರುವ ಗಿರಾಕಿ ಅವರಿಗೂ ಬೇಕು.

ನಾನು ಮೊದಲ ಸಲ ಕೇಳಿದ್ದು ಹೀಗೆ: “ಸರ್, ನಾನೊಬ್ಬನೇ ಬಂದಿದೀನಿ, ಪ್ರಾಕ್ಟೀಸ್‌ಗೆ. ವಾರಕ್ಕೊಂದ್ಸಲ ಬರ್ತೀನಿ. ಒಟ್ಟಿಗೆ ಹತ್ತು ಗೇಮ್ ತಗೊಂಡ್ರೆ ಏನಾದ್ರೂ ಕಮ್ಮಿ ಆಗುತ್ತಾ?”

“ಹತ್ತಕ್ಕೆ ಏನೂ ಇಲ್ಲ ಸರ್, ಆದ್ರೆ ಬೆಳಿಗ್ಗೆ ಹೊತ್ತು ಬಂದ್ರೆ ಎರಡು ಗೇಮ್‌ಗೆ ಒಂದು ಫ್ರೀ ಆಫರ್ ಇದೆ. ಬೋರ್ಡ್ ಮೇಲೆ ಹಾಕಿಲ್ಲ.”

ನೋಡಿ, ಬೋರ್ಡ್ ಮೇಲೆ ಹಾಕಿಲ್ಲ. ಕೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಕಾಲೇಜು ಐಡಿ ಇದ್ದರೆ ತೋರಿಸಿ ಕೇಳಿ, ಕಂಪನಿ ಐಡಿಗೂ ಕೆಲವೊಮ್ಮೆ ಇರುತ್ತದೆ. ಸ್ಕೋರ್ ಶುರುವಾಗುವ ಮುಂಚೆ ಎರಡು ಬಾಲ್ ವಾರ್ಮ್‌ಅಪ್‌ಗೆ ಬಿಡಬಹುದಾ ಅಂತಲೂ ಕೇಳಿ. ಲೇನ್ ಖಾಲಿ ಇದ್ದರೆ ಸುಮಾರು ಸಲ ಒಪ್ಪುತ್ತಾರೆ. ಇಬ್ಬರು ಹೋದಾಗ ಒಂದೇ ಹೆಸರಿನಲ್ಲಿ ಒಂದು ಗೇಮ್ ತಗೊಂಡು ಐದೈದು ಫ್ರೇಮ್ ಆಡಬಹುದಾ ಅನ್ನುವುದನ್ನೂ ಕೇಳಿಯೇ ಮಾಡಿ, ಕೇಳದೆ ಮಾಡಿ ನಡುವೆ ಮಾತು ಕೇಳಿಸಿಕೊಳ್ಳುವುದು ಬೇಡ.

ಕೂಪನ್, ಪ್ಯಾಕೇಜ್ ತಗೊಳ್ಳುವಾಗ ಮೊದಲು ಓದಬೇಕಾದದ್ದು ದರವಲ್ಲ, ಅವಧಿ. ಒಂದು ಕಡೆ ನಾನು 20 ಗೇಮ್‌ಗಳ ಪ್ಯಾಕೇಜನ್ನು 3,600ಕ್ಕೆ ತಗೊಂಡೆ. ಗೇಮ್‌ಗೆ 180 ಬಿತ್ತು, ಬಿಡಿಯಾಗಿ ತಗೊಂಡರೆ 240. ಲಾಭ ಅಂತಲೇ ಅಂದುಕೊಂಡೆ. 30 ದಿನದ ಅವಧಿ ಅಂತ ಹಿಂದೆ ಚಿಕ್ಕದಾಗಿ ಬರೆದಿತ್ತು. ಆ ತಿಂಗಳು ಮನೆಯಲ್ಲಿ ಮದುವೆ, ಆಮೇಲೆ ಜ್ವರ, ಆಡಿದ್ದು 13 ಗೇಮ್. ಏಳು ಗೇಮ್ ಹೋಯಿತು. 3,600 ಭಾಗ 13 ಅಂದರೆ ಗೇಮ್‌ಗೆ 277. ಬಿಡಿಯಾಗಿ ತಗೊಂಡಿದ್ದರೆ ಇದಕ್ಕಿಂತ ಕಮ್ಮಿ ಆಗುತ್ತಿತ್ತು. ಹಾಗಾಗಿ ಕಳೆದ ಎರಡು ತಿಂಗಳಲ್ಲಿ ನೀವು ನಿಜವಾಗಿ ಎಷ್ಟು ಸಲ ಹೋಗಿದ್ದೀರಿ ಅಂತ ನೋಡಿ, ಅದಕ್ಕಿಂತ ದೊಡ್ಡ ಪ್ಯಾಕೇಜ್ ಮುಟ್ಟಲೇಬೇಡಿ.

ಹಂತ 6: ಕೊಟ್ಟ ದುಡ್ಡಿನ ಎಸೆತಗಳನ್ನು ಬಳಸೋದು ಹೇಗೆ

ಇದು ಎಲ್ಲಕ್ಕಿಂತ ಮುಖ್ಯವಾದ ಭಾಗ. 12 ರೂಪಾಯಿಯ ಎಸೆತವೂ ಯೋಚನೆ ಇಲ್ಲದೆ ಬಿಟ್ಟರೆ ದುಬಾರಿಯೇ.

ಮೊದಲು ಬಾಲ್. ಬಾಲ್ ಮೇಲಿನ ಸಂಖ್ಯೆ ಪೌಂಡ್ ಲೆಕ್ಕ. 10 ಅಂದರೆ ಸುಮಾರು 4.5 ಕೆಜಿ, 12 ಅಂದರೆ 5.4 ಕೆಜಿ. ಗರಿಷ್ಠ 16 ಪೌಂಡ್. ಮೈತೂಕದ ಹತ್ತನೇ ಒಂದು ಭಾಗ ಅಂತ ಒಂದು ಲೆಕ್ಕ ಹೇಳುತ್ತಾರೆ, ಆದರೆ ಹೊಸಬರು ಅದಕ್ಕಿಂತ ಒಂದೆರಡು ಪೌಂಡ್ ಕಮ್ಮಿಯಿಂದ ಶುರು ಮಾಡಿ. ತೂಕಕ್ಕಿಂತ ಮುಖ್ಯ ಹೆಬ್ಬೆರಳಿನ ತೂತು. ಹೆಬ್ಬೆರಳು ಪೂರ್ತಿ ಒಳಗೆ ಹೋಗಬೇಕು, ಒಳಗೆ ಚರ್ಮ ಸ್ವಲ್ಪ ಸವರಿದ ಹಾಗೆ ಅನ್ನಿಸಬೇಕು, ಆದರೆ ಎಳೆದಾಗ ತಡೆಯದೆ ಹೊರಗೆ ಬರಬೇಕು. ಸಡಿಲ ಇದ್ದರೆ ಬಾಲ್ ಬಿದ್ದುಹೋಗುತ್ತೆ ಅಂತ ನೀವು ಗೊತ್ತಿಲ್ಲದೆಯೇ ಹಿಂಡಿ ಹಿಡಿಯುತ್ತೀರಿ, ಮೊಣಕೈ ಗಟ್ಟಿಯಾಗುತ್ತದೆ, ಬಾಲ್ ಲೇನಿನ ಪಕ್ಕದ ಕಾಲುವೆಗೆ, ಅಂದರೆ ಗಟರ್‌ಗೆ ಹೋಗುತ್ತದೆ. ದುಡ್ಡು ಕೊಟ್ಟು ಗೇಮ್ ಶುರು ಮಾಡುವ ಮುಂಚೆಯೇ ನಾಲ್ಕೈದು ಬಾಲ್ ಎತ್ತಿ ನೋಡಿ ಆರಿಸಿ, ಅದರ ಬಣ್ಣ, ಮೇಲಿನ ಗೀರು ನೆನಪಿಟ್ಟುಕೊಳ್ಳಿ. ಮುಂದಿನ ವಾರ ಅದೇ ಬಾಲ್ ಹುಡುಕಬೇಕು. ನನ್ನದು ನೀಲಿ 11, ಸಂಖ್ಯೆಯ ಪಕ್ಕದಲ್ಲೇ ಅರ್ಧಚಂದ್ರದ ಹಾಗೆ ಒಂದು ಗೀರು. ಬಂದ ತಕ್ಷಣ ರ‍್ಯಾಕ್‌ನಲ್ಲಿ ಕಣ್ಣು ಅದನ್ನೇ ಹುಡುಕುತ್ತದೆ.

ಇನ್ನು ಗುರಿ. ಪಿನ್ ನೋಡಿ ಬಾಲ್ ಬಿಡಬೇಡಿ. ಪಿನ್ 60 ಅಡಿ ದೂರ ಇದೆ. ಫೌಲ್ ಲೈನ್‌ನಿಂದ ಸುಮಾರು 15 ಅಡಿ ದೂರದಲ್ಲಿ ಲೇನ್ ಮೇಲೆ ಏಳು ಬಾಣದ ಗುರುತು ಇರುತ್ತದೆ, ಅದನ್ನು ನೋಡಿ. ಲೇನ್ ಅಗಲಕ್ಕೆ 39 ಪಟ್ಟಿಗಳಿವೆ, ಪ್ರತಿ ಐದು ಪಟ್ಟಿಗೆ ಒಂದು ಬಾಣ. ಬಲಗೈಯವರು ಬಲದಿಂದ ಎರಡನೇ ಬಾಣದಿಂದ ಶುರು ಮಾಡಿ, ಎಡಗೈಯವರು ಎಡದಿಂದ ಎರಡನೆಯದು. ಹತ್ತಿರದ ಗುರಿ ಇಟ್ಟುಕೊಂಡರೆ ತಪ್ಪು ಎಲ್ಲಾಯಿತು ಅಂತ ತಕ್ಷಣ ಕಾಣುತ್ತದೆ.

ಮೂರು ಗೇಮ್ ತಗೊಂಡಿದ್ದೀರಿ ಅಂದುಕೊಳ್ಳಿ. ನಾನು ಹಂಚಿಕೊಳ್ಳೋದು ಹೀಗೆ.

ಮೊದಲ ಗೇಮ್‌ನಲ್ಲಿ ಸ್ಕೋರ್ ಮರೆತುಬಿಡಿ. ಪ್ರತಿ ಎಸೆತದಲ್ಲೂ ಒಂದೇ ಪ್ರಶ್ನೆ: ಬಾಲ್ ಆ ಬಾಣದ ಮೇಲೆ ಹೋಯಿತಾ ಇಲ್ಲವಾ? ಹೋದರೆ ಒಂದು ಗೆರೆ, ಇಲ್ಲದಿದ್ದರೆ ಸೊನ್ನೆ, ಚಿಕ್ಕ ನೋಟ್‌ಬುಕ್‌ನಲ್ಲಿ. ಹತ್ತೂ ಪಿನ್ ಬಿದ್ದರೂ ಬಾಣ ತಪ್ಪಿದ್ದರೆ ಸೊನ್ನೆಯೇ. ಮೊದಲ ತಿಂಗಳು ನನಗೆ 20ರಲ್ಲಿ ಆರೋ ಏಳೋ ಗೆರೆ ಬರುತ್ತಿತ್ತು.

ಎರಡನೇ ಗೇಮ್ ಮೂಲೆ ಪಿನ್‌ಗೆ. ಎಸೆತ ಜಾಸ್ತಿ ಪಡೆಯುವ ವಿಧಾನ ಅಂತ ಆಗಲೇ ಹೇಳಿದ್ದು ಇದನ್ನೇ. ಪಿನ್‌ಗಳ ನಂಬರು ಮುಂದಿನ ಸಾಲಿನಿಂದ ಹಿಂದಕ್ಕೆ, ಎಡದಿಂದ ಬಲಕ್ಕೆ: ಮುಂದೆ 1, ಅದರ ಹಿಂದೆ 2, 3, ಆಮೇಲೆ 4, 5, 6, ಕೊನೆಗೆ 7ರಿಂದ 10. ಹಿಂದಿನ ಸಾಲಿನ ಎಡ ಮೂಲೆ 7ನೇ ಪಿನ್, ಬಲ ಮೂಲೆ 10ನೇ ಪಿನ್. ಹತ್ತೂ ಪಿನ್ ನಿಂತಿರುವಾಗಲೇ ಮೊದಲ ಎಸೆತವನ್ನು ಬೇಕಂತಲೇ 10ನೇ ಪಿನ್‌ಗೆ ಬಿಡಿ, ಎರಡನೆಯದನ್ನು 7ಕ್ಕೆ. ಸ್ಟ್ರೈಕ್ ಆಗುವ ಪ್ರಶ್ನೆಯೇ ಇಲ್ಲ, ಹಾಗಾಗಿ ಪ್ರತಿ ಫ್ರೇಮ್‌ನಲ್ಲೂ ಎರಡೂ ಎಸೆತ ಗ್ಯಾರಂಟಿ, ಗೇಮ್‌ಗೆ ಪೂರ್ತಿ 20. ಸ್ಕ್ರೀನ್ ಮೇಲೆ ಸ್ಕೋರ್ 20ರ ಆಸುಪಾಸು ಇರುತ್ತದೆ, ಪಕ್ಕದ ಲೇನಿನವರು ತಿರುಗಿ ನೋಡಬಹುದು, ನೋಡಲಿ. ಈ ಒಂದು ಗೇಮ್‌ನಲ್ಲಿ ನೀವು ಕಲಿಯುವಷ್ಟು ನಿಖರತೆ ಬೇರೆ ಯಾವುದರಲ್ಲೂ ಸಿಗುವುದಿಲ್ಲ, ಯಾಕಂದರೆ ಮೂಲೆಯ ಪಿನ್‌ಗೂ ಗಟರ್‌ಗೂ ನಡುವೆ ಇರೋದು ಸ್ವಲ್ಪವೇ ಜಾಗ.

ಮೂಲೆ ಪಿನ್ ಯಾಕೆ ಅಂತ ಅನ್ನಿಸಬಹುದು. ಒಂದು ಲೆಕ್ಕ ಹೇಳುತ್ತೇನೆ. ಒಂದೂ ಸ್ಟ್ರೈಕ್ ಇಲ್ಲದೆ, ಪ್ರತಿ ಸಲ 9 ಪಿನ್ ಬೀಳಿಸಿ ಉಳಿದ ಒಂದನ್ನು ಎರಡನೇ ಎಸೆತದಲ್ಲಿ ಹೊಡೆಯುತ್ತಾ ಹೋದರೆ ಸ್ಕೋರ್ 190. ಹೌದು, 190. ಸ್ಪೇರ್ ಆದರೆ ಆ ಫ್ರೇಮಿನ 10ಕ್ಕೆ ಮುಂದಿನ ಒಂದು ಎಸೆತದ ಪಿನ್ನೂ ಸೇರುತ್ತದೆ, ಹಾಗಾಗಿ ಫ್ರೇಮ್‌ಗೆ 19. ಸ್ಟ್ರೈಕ್‌ಗೆ ಅದೃಷ್ಟವೂ ಸ್ವಲ್ಪ ಬೇಕು, ಸ್ಪೇರ್‌ಗೆ ಅಭ್ಯಾಸ ಸಾಕು. ಅಭ್ಯಾಸಕ್ಕೆ ಕೊಟ್ಟ ದುಡ್ಡು ವಾಪಸ್ ಬರೋದು ಸ್ಪೇರ್‌ನಲ್ಲೇ.

ಸ್ಪೇರ್‌ಗೆ ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ 3-6-9 ಅನ್ನುವ ಸುಲಭ ಪದ್ಧತಿ ಇದೆ. ಬಲಗೈಯವರಿಗೆ ಹೇಳುತ್ತೇನೆ, ಎಡಗೈಯವರು ತಿರುಗಿಸಿಕೊಳ್ಳಿ. ನೀವು ಸ್ಟ್ರೈಕ್‌ಗೆ ನಿಲ್ಲುವ ಜಾಗ ಗೊತ್ತಿದೆ ತಾನೆ? 2ನೇ ಪಿನ್ ಉಳಿದರೆ ಅಲ್ಲಿಂದ 3 ಪಟ್ಟಿ ಬಲಕ್ಕೆ, 4ನೇ ಪಿನ್ ಉಳಿದರೆ 6 ಪಟ್ಟಿ, 7ನೆಯದಾದರೆ 9 ಪಟ್ಟಿ ಬಲಕ್ಕೆ ನಿಲ್ಲಿ. ನೋಡುವ ಬಾಣ ಅದೇ, ನಡಿಗೆ ಆ ಬಾಣದ ಕಡೆಗೆ. ಬಲಭಾಗದ ಪಿನ್ ಉಳಿದರೆ ಇದೇ ಲೆಕ್ಕದಲ್ಲಿ ಎಡಕ್ಕೆ: 3ನೇ ಪಿನ್‌ಗೆ 3, 6ನೆಯದಕ್ಕೆ 6, 10ನೆಯದಕ್ಕೆ 9. 10ನೇ ಪಿನ್‌ಗೆ ಮೂರನೇ ಬಾಣ ನೋಡುವವರೂ ಇದ್ದಾರೆ, ಎರಡನ್ನೂ ಮಾಡಿ ನೋಡಿ ಯಾವುದು ಕೂರುತ್ತೋ ಅದನ್ನು ಇಟ್ಟುಕೊಳ್ಳಿ. ನಿಲ್ಲುವ ಜಾಗದಲ್ಲಿ ನೆಲದ ಮೇಲೆ ಚುಕ್ಕಿಗಳಿರುತ್ತವೆ, ಅವನ್ನು ನೋಡಿ ಪಟ್ಟಿ ಎಣಿಸಬಹುದು.

ಮೂರನೇ ಗೇಮ್ ನಿಜವಾದ ಗೇಮ್. ಈಗ ಸ್ಕೋರ್ ಬರೆದಿಡಿ. ಬಲಗೈಯವರಿಗೆ ಗುರಿ 1 ಮತ್ತು 3ನೇ ಪಿನ್ ನಡುವಿನ ಸಂದು. ಸರಿಯಾದ ಸ್ಟ್ರೈಕ್‌ನಲ್ಲಿ ಬಾಲ್ ತಾನಾಗಿ ಮುಟ್ಟೋದು ನಾಲ್ಕೇ ಪಿನ್, 1, 3, 5, 9. ಮಿಕ್ಕ ಆರನ್ನು ಪಿನ್‌ಗಳೇ ಒಂದಕ್ಕೊಂದು ತಾಗಿ ಬೀಳಿಸುತ್ತವೆ. ಅದಕ್ಕೇ ಜೋರಾಗಿ ಎಸೆಯುವುದರಿಂದ ಲಾಭ ಇಲ್ಲ, ಜಾಗ ಸರಿ ಇದ್ದರೆ ಮೆಲ್ಲಗೆ ಹೋದ ಬಾಲ್ ಕೂಡ ಎಲ್ಲವನ್ನೂ ಮಲಗಿಸುತ್ತದೆ.

ಫೌಲ್ ಲೈನ್ ದಾಟಬೇಡಿ. ದಾಟಿದರೆ ಆ ಎಸೆತದ ಪಿನ್ ಲೆಕ್ಕಕ್ಕಿಲ್ಲ ಅನ್ನೋದು ಒಂದು. ಆಚೆ ಎಣ್ಣೆ ಇರುತ್ತೆ ಅನ್ನೋದು ಇನ್ನೊಂದು. ಲೇನಿನ ಮುಂಭಾಗಕ್ಕೆ, ಸುಮಾರು 40 ಅಡಿಯವರೆಗೆ, ಕಣ್ಣಿಗೆ ಕಾಣದ ತೆಳು ಎಣ್ಣೆ ಹಚ್ಚಿರುತ್ತಾರೆ. ಕಾಲಿಟ್ಟರೆ ಜಾರಿ ಬೀಳುವುದು ಖಂಡಿತ, ಆಸ್ಪತ್ರೆ ಬಿಲ್ ಈ ಯಾವ ಲೆಕ್ಕದಲ್ಲೂ ಸೇರಿಲ್ಲ.

ಹಂತ 7: ಮನೆಯಲ್ಲಿ ಆಗುವುದನ್ನು ಲೇನ್ ಮೇಲೆ ಮಾಡಬೇಡಿ

ನಡಿಗೆ ಕಲಿಯಲು ಲೇನ್ ಬೇಕಾಗಿಲ್ಲ. ನಾಲ್ಕು ಹೆಜ್ಜೆಯ ನಡಿಗೆಯಲ್ಲಿ ಬಲಗೈಯವರು ಬಲಗಾಲು ಮೊದಲು ಇಡುತ್ತಾರೆ, ಕೊನೆಯ ಹೆಜ್ಜೆ ಎಡಗಾಲಿನ ಜಾರು. ಹಾಲ್‌ನಲ್ಲಿ ಸಾಕ್ಸ್ ಹಾಕಿಕೊಂಡು, ಹಜಾರದ ಟೈಲ್ಸ್ ಗೆರೆ ಹಿಡಿದು ದಿನಾ ಇಪ್ಪತ್ತು ಸಲ ನಡೆಯಿರಿ. ಕೈಯಲ್ಲಿ ಏನೂ ಬೇಡ. ತೋಳು ಗಡಿಯಾರದ ಲೋಲಕದ ಹಾಗೆ ಹಿಂದೆ ಹೋಗಿ ಮುಂದೆ ಬರಬೇಕು, ಪಕ್ಕಕ್ಕೆ ಓಡಬಾರದು. ಕನ್ನಡಿ ಇದ್ದರೆ ಎದುರು ನಿಂತು ನೋಡಿಕೊಳ್ಳಿ. ಇದೇ ಇಪ್ಪತ್ತು ಸಲವನ್ನು ಲೇನ್ ಮೇಲೆ ಕಲಿಯಲು ಹೋದರೆ ಒಂದು ಪೂರ್ತಿ ಗೇಮಿನ ದುಡ್ಡು.

ಲೇನ್‌ಗೆ ಹೋದಾಗ ಎರಡು ಎಸೆತವನ್ನಾದರೂ ಹಿಂದಿನಿಂದ ಫೋನಿನಲ್ಲಿ ವಿಡಿಯೋ ಮಾಡಿಸಿ. ಮನೆಗೆ ಬಂದು ನಿಧಾನವಾಗಿ ನೋಡಿದರೆ ಭುಜ ತಿರುಗೋದು, ತಲೆ ಏಳೋದು ಎಲ್ಲ ಕಾಣುತ್ತದೆ.

ಹಂತ 8: ಸ್ವಂತ ಶೂ, ಸ್ವಂತ ಬಾಲ್ ಯಾವಾಗ?

ಶೂ ಬಾಡಿಗೆ ಬೇರೆಯಾಗಿ ತಗೊಳ್ಳುವ ಕಡೆ ಮಾತ್ರ ಉಳಿತಾಯದ ಮಾತು. ಶೂಗೆ 3,500 ಆಯಿತು, ಬಾಡಿಗೆ ಸಲಕ್ಕೆ 50 ಅಂದರೆ 70 ಸಲ ಹೋದ ಮೇಲೆ ದುಡ್ಡು ವಾಪಸ್. ವಾರಕ್ಕೊಂದು ಸಲದ ಲೆಕ್ಕದಲ್ಲಿ ಸುಮಾರು ಒಂದು ವರ್ಷ ನಾಲ್ಕು ತಿಂಗಳು. ಆದರೆ ಬಾಡಿಗೆ ಶೂನಲ್ಲಿ ಸಾಮಾನ್ಯವಾಗಿ ಎರಡೂ ಅಟ್ಟೆ ಜಾರುತ್ತವೆ. ಸ್ವಂತದ್ದಾದರೆ ಬಲಗೈಯವರಿಗೆ ಎಡಗಾಲು ಜಾರುವಂತೆ, ಬಲಗಾಲು ಹಿಡಿದು ನಿಲ್ಲುವಂತೆ ಇರುವುದು ಸಿಗುತ್ತದೆ, ಪ್ರತಿ ಸಲ ಅದೇ ಜಾರು. ಆರು ತಿಂಗಳು ಬಿಡದೆ ಹೋಗಿದ್ದರೆ ತಗೊಳ್ಳಿ.

ಬಾಲ್‌ಗೆ ಅವಸರ ಬೇಡ. ಸ್ವಂತ ಬಾಲ್ ಇದ್ದರೆ ಗೇಮ್ ದರ ಏನೂ ಇಳಿಯುವುದಿಲ್ಲ. ತಗೊಳ್ಳುವುದಾದರೆ ಮೊದಲು ಸ್ಪೇರ್‌ಗೆ ಅಂತ ಒಂದು ಸಾದಾ ಪ್ಲಾಸ್ಟಿಕ್ ಬಾಲ್, ನಿಮ್ಮ ಬೆರಳಿನ ಅಳತೆಗೆ ತೂತು ಕೊರೆಸಿ. ಎಲ್ಲಿ ಕೊರೆಸುವುದು ಅಂತ ಟೂರ್ನಿ ಆಡುವವರನ್ನು ಕೇಳಿದರೆ ಖುಷಿಯಿಂದ ಹೇಳುತ್ತಾರೆ.

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು. ಅಲ್ಲಿ ಬೇಸಿಗೆ ರಜೆಯಲ್ಲಿ ಕಿಡ್ಸ್ ಬೌಲ್ ಫ್ರೀ ಅನ್ನುವ ಯೋಜನೆ ಇದೆ, ಅದರಲ್ಲಿ ಸೇರಿರುವ ಬೌಲಿಂಗ್ ಸೆಂಟರ್‌ಗಳಲ್ಲಿ ಹೆಸರು ನೋಂದಾಯಿಸಿದ ಮಕ್ಕಳಿಗೆ ದಿನಕ್ಕೆ ಎರಡು ಗೇಮ್ ಉಚಿತ, ಶೂ ಬಾಡಿಗೆ ಬೇರೆ. ದೊಡ್ಡವರು ಲೀಗ್ ಸೇರಿದರೆ ಪ್ರಾಕ್ಟೀಸ್ ಗೇಮ್‌ಗೆ ಕಮ್ಮಿ ದರ ಕೊಡುವ ಸೆಂಟರ್‌ಗಳು ಸುಮಾರು ಇವೆ. ಮೊಮ್ಮಕ್ಕಳನ್ನು ನೋಡಲು ಹೋದ ಅಪ್ಪ ಅಮ್ಮನಿಗೂ ಹಗಲು ಹೊತ್ತಿನ ಹಿರಿಯರ ದರ ಇದೆಯಾ ಅಂತ ಕೇಳಿ.

ಹಂತ 9: ತಿಂಗಳಿಗೆ ಇಷ್ಟು ಅಂತ ಎತ್ತಿಡಿ, ಸಾಕಾದಾಗ ನಿಲ್ಲಿಸಿ

ತಿಂಗಳಿಗೆ 2,000 ಅಂತ ಇಟ್ಟುಕೊಂಡಿದ್ದೀರಿ ಅನ್ನಿ. ವಾರಾಂತ್ಯದ ಸಂಜೆ ಆದರೆ ಎರಡು ಸಲಕ್ಕೇ ಮುಗಿಯಿತು, ಸುಮಾರು 70 ಎಸೆತ. ವಾರದ ಬೆಳಿಗ್ಗೆ ಎರಡೆರಡು ಗೇಮ್‌ನಂತೆ ನಾಲ್ಕು ಸಲ ಹೋದರೆ ಎಂಟು ಗೇಮ್ 1,760, ಮೆಟ್ರೋ 160, ಒಟ್ಟು 1,920, ಎಸೆತ 150ರ ಮೇಲೆ. ನಾನು ಒಂದೇ ದಿನ ಎಂಟು ಗೇಮ್ ಆಡುವುದಕ್ಕಿಂತ ವಾರಕ್ಕೆ ಎರಡು ಆಡುವುದನ್ನೇ ಒಪ್ಪುತ್ತೇನೆ. ನಡುವಿನ ಆರು ದಿನ ಮನೆಯಲ್ಲಿ ನಡಿಗೆ ಮಾಡಿದ್ದು ಏಳನೇ ದಿನ ಲೇನ್ ಮೇಲೆ ಕಾಣುತ್ತದೆ.

ಕೊನೆಯದಾಗಿ ನಿಲ್ಲಿಸುವ ಬಗ್ಗೆ. ಮೂರನೇ ಗೇಮಿನ ಹೊತ್ತಿಗೆ ಹೆಬ್ಬೆರಳು ಊದಿಕೊಂಡು ತೂತಿನಲ್ಲಿ ಬಿಗಿಯಾಗುತ್ತದೆ. ಬಾಲ್ ಬಿಡುವಾಗ ಟಕ್ ಅಂತ ಸಣ್ಣ ಸದ್ದು ಬರಲು ಶುರುವಾದರೆ, ಮಣಿಕಟ್ಟು ತಾನಾಗಿ ಬಗ್ಗುತ್ತಿದ್ದರೆ, ನೋಟ್‌ಬುಕ್‌ನಲ್ಲಿ ಸಾಲಾಗಿ ಐದು ಸೊನ್ನೆ ಬಿದ್ದರೆ ಅಲ್ಲಿಗೆ ಸಾಕು. ಆಗ ಆಡಿದ ಎಸೆತದಿಂದ ಕೈ ಕಲಿಯೋದು ತಪ್ಪನ್ನೇ, ಅದನ್ನು ಬಿಡಿಸಲು ಮತ್ತೆ ನಾಲ್ಕು ಗೇಮ್ ಬೇಕಾಗುತ್ತದೆ. ಇನ್ನೊಂದು ಗೇಮ್ ಬಾಕಿ ಇದೆ, ದುಡ್ಡು ಕೊಟ್ಟಾಗಿದೆ ಅಂತ ಆಡಬೇಡಿ. ಕೌಂಟರ್‌ಗೆ ಹೋಗಿ, ಮುಂದಿನ ವಾರ ಆಡಬಹುದಾ ಅಂತ ಕೇಳಿ, ಬಿಲ್ ಹಿಂದೆ ದಿನಾಂಕ ಹಾಕಿ ಬರೆಸಿಕೊಂಡು ಬನ್ನಿ.